ಎಳೆಯುವ ಬಂಡಿಯೂ ಎಳೆಯಲ್ಪಡುವ ಬಂಡಿಯೂ: ತಡೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಬಂಡಿಯನ್ನು ಓಡಿಸುವ ಶಕ್ತಿಯ ಚರಿತ್ರೆಯನ್ನು ಬರೆದವರು ಬಹುಮಂದಿ. ಅದನ್ನು ನಿಲ್ಲಿಸುವ ಶಕ್ತಿಯ ಚರಿತ್ರೆಗೆ ಅಷ್ಟು ಆದರವು ದೊರೆತಂತೆ ತೋರುವುದಿಲ್ಲ. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಎಸ್‌ಯುವಿಗಳೆಂಬ ದೊಡ್ಡ ಮೋಟಾರುಗಾಡಿಗಳು ದೋಣಿಯನ್ನೋ ಕುದುರೆಗಳನ್ನೋ ಹೊತ್ತ ಟ್ರೈಲರುಗಳನ್ನು ಎಳೆದುಕೊಂಡು ಹೋಗುವುದು ಇಂದು ಸಾಮಾನ್ಯವಾದ ನೋಟ. ಇಂತಹ ಗಾಡಿಯ ಬ್ರೇಕಿನ ಯೋಗ್ಯತೆಯನ್ನು ಚಾಲಕನು ತನ್ನ ಪಾದದಿಂದಲೇ ಅಳೆಯುತ್ತಾನೆ. ಪೆಡಲು ಬಿಗಿಯಾಗಿದ್ದರೆ ಬ್ರೇಕು ಒಳ್ಳೆಯದು, ಕುಸಿದರೆ ಕೆಟ್ಟದ್ದು ಎಂಬುದು ಅವನ ನಿರ್ಣಯ. ಈ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಹಿಂದೆ ಭಾರವಿರುವಾಗ ಮುಂದಿನವನ ಕೈಕಾಲುಗಳ ಬಲವನ್ನು ನೆಚ್ಚಬಾರದೆಂಬ ಪಾಠವು ಮೋಟಾರಿನ ಯುಗಕ್ಕಿಂತ ಹಿಂದಿನದು. ಅದನ್ನು ಕಲಿಸಿದ್ದು ರೈಲುದಾರಿ.

1889ನೆಯ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದಿಂದ ಭಾನುವಾರದ ಶಾಲೆಯೊಂದರ ಮಕ್ಕಳೂ ಹಿರಿಯರೂ ವಾರನ್‌ಪಾಯಿಂಟಿನ ಕಡಲತೀರಕ್ಕೆ ವಿಹಾರ ಹೊರಟರು. ಒಂದೇ ಇಂಜಿನು, 15 ಗಾಡಿಗಳು, 900ಕ್ಕೂ ಮಿಕ್ಕಿದ ಜನ. ಊರಿನಾಚೆ 75 ಅಡಿಗೆ ಒಂದಡಿಯಷ್ಟು ಏರುವ ದಾರಿಯಲ್ಲಿ, ನೆತ್ತಿಯು ಇನ್ನೇನು ಸಮೀಪಿಸಿತೆನ್ನುವಾಗ, ಇಂಜಿನು ನಿಂತುಹೋಯಿತು. ಮುಂದಿನ ಐದು ಗಾಡಿಗಳನ್ನು ಮಾತ್ರ ಮೊದಲು ಎಳೆದೊಯ್ಯುವುದೆಂದು ನಿಶ್ಚಯವಾಗಿ, ರೈಲನ್ನು ನಡುವೆ ಬಿಡಿಸಿದರು. ಆ ರೈಲಿಗೆ ನಿರ್ವಾತದ ಬ್ರೇಕು ಇದ್ದಿತು. ಆದರೆ ಅದು ಇಂಜಿನಿನಿಂದ ಗಾಳಿಯನ್ನು ಹೀರಿದಾಗ ಮಾತ್ರ ಹಿಡಿಯತಕ್ಕದ್ದು. ಕೊಳವೆ ಬೇರ್ಪಟ್ಟೊಡನೆ ಹಿಂದಿನ ಹತ್ತು ಗಾಡಿಗಳಿಗೆ ಉಳಿದದ್ದು ಕೊನೆಯ ಗಾಡಿಯ ಕೈಬ್ರೇಕೊಂದೇ. ಚಕ್ರಗಳ ಕೆಳಗೆ ಕಲ್ಲುಗಳನ್ನಿಟ್ಟರು. ಇಂಜಿನು ಹೊರಡುವಾಗ ಕೊಂಚ ಹಿಂಜಗ್ಗಿತು, ಕಲ್ಲುಗಳು ನುಚ್ಚಾದುವು, ಜನ ತುಂಬಿದ ಹತ್ತು ಗಾಡಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳತೊಡಗಿದುವು. ಬಾಗಿಲುಗಳಿಗೆ ಬೀಗ ಹಾಕಿದ್ದಿತು. ಹಿಂದಿನಿಂದ ಏರಿಬರುತ್ತಿದ್ದ ಮತ್ತೊಂದು ರೈಲಿಗೆ ಅವು ಬಡಿದಾಗ ಸುಮಾರು 80 ಜನರು ಮಡಿದರು. ಅವರಲ್ಲಿ ಮಕ್ಕಳು ಅನೇಕರು.

ಇದಕ್ಕೆ ಪರಿಹಾರವು ಆಗ ತಿಳಿಯದೆ ಇದ್ದುದೇನೂ ಅಲ್ಲವೆಂಬುದೇ ಈ ಕಥೆಯ ಅತ್ಯಂತ ಕಹಿಯಾದ ಭಾಗ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸನು 1869ರಲ್ಲಿ ಗಾಳಿಯ ಬ್ರೇಕನ್ನು ರಚಿಸಿ, 1872ರಲ್ಲಿಯೇ ಅದನ್ನು ಸ್ವಯಂಚಾಲಿತವಾಗುವಂತೆ ತಿದ್ದಿದ್ದನು. ಅದರ ತತ್ತ್ವವು ಹಳೆಯದಕ್ಕೆ ನೇರವಾಗಿ ವಿಪರೀತವಾದುದು: ಕೊಳವೆಯೊಳಗಣ ಒತ್ತಡವು ಬ್ರೇಕನ್ನು ಬಿಡಿಸಿರುತ್ತದೆ, ಕೊಳವೆ ಹರಿದರೆ ಪ್ರತಿಯೊಂದು ಗಾಡಿಯೂ ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ರೈಲುಗಳಿಗೆ ಇಂತಹ ಬ್ರೇಕನ್ನು ಕಡ್ಡಾಯಮಾಡಿದ್ದು ಅದೇ 1889ರಲ್ಲಿ, ಆರ್ಮಾದ ತರುವಾಯ.

ಮೋಟಾರುಗಾಡಿಯು ಈ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. 1921ರ ಡ್ಯೂಸೆನ್‌ಬರ್ಗ್ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು ಬಂದಿತು; 1924ರ ಕ್ರೈಸ್ಲರು ಅದನ್ನು ಇನ್ನೂ ಅಗ್ಗದ ಗಾಡಿಗೆ ತಂದಿತು. ಬಳಿಕ ಇಂಜಿನಿನ ನಿರ್ವಾತವನ್ನೇ ಪಾದಕ್ಕೆ ನೆರವಾಗಿಸುವ ಯಂತ್ರವು ಸೇರಿ, ತೂಕದ ಗಾಡಿಯೂ ಮೃದುವಾದ ಮೆಟ್ಟಿಗೆ ಒಲಿಯಿತು. ಪಾದದ ಅನುಭವಕ್ಕೂ ನಿಲ್ಲಿಸುವ ನಿಜವಾದ ಶಕ್ತಿಗೂ ಇದ್ದ ನಂಟು ಸಡಿಲವಾದದ್ದು ಇಲ್ಲಿಯೇ ಎನ್ನಬೇಕು.

ಬ್ರೇಕಿನ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಭಾರವು ಇಮ್ಮಡಿಯಾದರೆ ಶಾಖವೂ ಇಮ್ಮಡಿ, ವೇಗವು ಇಮ್ಮಡಿಯಾದರೆ ನಾಲ್ಮಡಿ. ಮೂರು ಟನ್ನಿನ ಗಾಡಿಯು ಮೂರು ಟನ್ನಿನ ಟ್ರೈಲರನ್ನು ಎಳೆದು ಘಟ್ಟವಿಳಿಯುವಾಗ ಚಾಲಕನಿಗೆ ಎರಡು ಬಗೆಯ ಮೋಸಗಳು ಕಾದಿರುತ್ತವೆ. ದ್ರವವು ಕುದಿದು ಆವಿಯಾದರೆ ಪೆಡಲು ನೆಲಕ್ಕಿಳಿಯುತ್ತದೆ. ಇದನ್ನು ಪಾದವು ಗುರುತಿಸಬಲ್ಲುದು. ಒತ್ತುಪಟ್ಟಿಗಳು ಮಿತಿಮೀರಿ ಕಾದು ಹಿಡಿತವನ್ನು ಕಳೆದುಕೊಂಡರೆ ಹಾಗಲ್ಲ: ಪೆಡಲು ಕಲ್ಲಿನಂತೆ ಬಿಗಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬಿಗಿಯಾದ ಪೆಡಲೇ ಒಳ್ಳೆಯ ಬ್ರೇಕೆಂಬ ಜನಾಭಿಪ್ರಾಯವು ಬಹು ಅಪಾಯಕರವಾಗಿ ಸುಳ್ಳಾಗುವ ಸಂದರ್ಭವಿದು.

ಆದುದರಿಂದ ತಡೆಯು ಟ್ರೈಲರಿನಲ್ಲಿಯೇ ಇರಬೇಕಾಯಿತು. ಬ್ರಿಟನ್ನಿನ ನಿಯಮದಂತೆ 750 ಕಿಲೋಗ್ರಾಮನ್ನು ಮೀರಿದ ಟ್ರೈಲರಿಗೆ ತನ್ನದೇ ಬ್ರೇಕು ಇರಲೇಬೇಕು. ಅಮೆರಿಕದಲ್ಲಿ ಈ ಮಿತಿ ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಯೂರೋಪಿನಲ್ಲಿ ಹೆಚ್ಚಾಗಿ ಟ್ರೈಲರು ಮುನ್ನುಗ್ಗಿ ಕೊಂಡಿಯನ್ನು ಒತ್ತಿದಾಗ ಆ ಒತ್ತಡದಿಂದಲೇ ಅದರ ಬ್ರೇಕು ಹಿಡಿಯುತ್ತದೆ. ಅಮೆರಿಕದಲ್ಲಿ ದೊಡ್ಡ ಟ್ರೈಲರುಗಳಿಗೆ ವಿದ್ಯುತ್ತಿನ ಬ್ರೇಕುಗಳೇ ಹೆಚ್ಚು. ಚಕ್ರದೊಳಗಣ ವಿದ್ಯುದಯಸ್ಕಾಂತವು ಒತ್ತುಪಟ್ಟಿಗಳನ್ನು ಅಗಲಿಸುತ್ತದೆ, ಅದರ ಅಂಕೆಯು ಚಾಲಕನ ಮುಂದಿರುತ್ತದೆ. ಇವೆರಡರಲ್ಲಿ ಎರಡನೆಯದೇ ಮೇಲೆಂದು ಹೇಳಬೇಕು. ಏಕೆಂದರೆ ಟ್ರೈಲರು ತೂಗಾಡತೊಡಗಿದಾಗ ಮುಂದಿನ ಗಾಡಿಯನ್ನು ತಡೆಯದೆ ಹಿಂದಿನದನ್ನು ಮಾತ್ರ ತಡೆಯಲು ಅದರಿಂದ ಸಾಧ್ಯ. ಕೊಂಡಿಯೇ ಕಳಚಿಹೋದರೆ, ಎಳೆಯುವ ಗಾಡಿಗೆ ಕಟ್ಟಿದ ತೆಳುವಾದ ಉಕ್ಕಿನ ಹುರಿಯೊಂದು ಗುಂಡಿಯನ್ನು ಕಿತ್ತೊಗೆಯುತ್ತದೆ. ಟ್ರೈಲರಿನ ಮೇಲೆಯೇ ಇರಿಸಿರುವ ಬ್ಯಾಟರಿಯ ವಿದ್ಯುತ್ತು ಹರಿದು, ಒಂಟಿಯಾದ ಆ ಬಂಡಿಯ ಚಕ್ರಗಳನ್ನು ಬಿಗಿಹಿಡಿಯುತ್ತದೆ.