ನೇಯದ ಬಟ್ಟೆಯ ಕತೆ: ಕಣಗಲಾದಿಂದ ಕುಂಬಳಂಗಿವರೆಗೆ

ಬಟ್ಟೆ ಅಂದರೆ ಹಾಸು-ಹೊಕ್ಕು ಇರಬೇಕು ಅಂತ ನಮ್ಮೆಲ್ಲರ ಲೆಕ್ಕ. ಒಂದೋ ಮಗ್ಗದಲ್ಲಿ ನೇಯ್ದದ್ದು, ಇಲ್ಲವೇ ಸ್ವೆಟರು ಬನಿಯನ್ನುಗಳ ಹಾಗೆ ಹೆಣೆದದ್ದು. ಕೋವಿಡ್ ಕಾಲದ ನೀಲಿ ಮಾಸ್ಕೊಂದು ನಿಮ್ಮ ಮನೆಯ ಯಾವುದಾದರೂ ಡ್ರಾಯರಿನಲ್ಲಿ ಉಳಿದಿದ್ದರೆ ತೆಗೆದು ಕತ್ತರಿಸಿ ನೋಡಿ. ಅಂಚಿನಿಂದ ದಾರ ಬಿಚ್ಚಿಕೊಳ್ಳುವುದಿಲ್ಲ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕಿ ಒತ್ತಿದ ಗುರುತು ಕಾಣುತ್ತದೆ, ಅಷ್ಟೇ. ಅದು ನೇಯ್ದದ್ದೂ ಅಲ್ಲ, ಹೆಣೆದದ್ದೂ ಅಲ್ಲ. ಕೈಗಾರಿಕೆಯವರು ನಾನ್‌ವೋವನ್ ಅನ್ನುತ್ತಾರೆ. ನಾನು ನೇಯದ ಬಟ್ಟೆ ಅಂತ ಕರೆಯುತ್ತೇನೆ. ಮಗುವಿನ ಡಯಪರ್, ಹೆಂಗಸರ ಪ್ಯಾಡು, ಆಪರೇಷನ್ ಥಿಯೇಟರಿನ ಗೌನು, ನರ್ಸಮ್ಮನ ತಲೆಯ ಟೋಪಿ, ಎಲ್ಲದರಲ್ಲೂ ಇದೇ ಇದೆ.

ಇದರ ಬಗ್ಗೆ ನಾನೇಕೆ ಬರೆಯಬೇಕು ಅಂತೀರಾ? ನಾನು ಹುಟ್ಟಿ ಬೆಳೆದದ್ದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ. ಮದುವೆಯಾಗಿ ಮಟ್ಟಾಂಚೇರಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಈ ಎರಡು ಊರಿಗೂ ಏನೂ ಸಂಬಂಧವಿಲ್ಲ ಅಂತಲೇ ಬಹಳ ಕಾಲ ಅಂದುಕೊಂಡಿದ್ದೆ. ಅಲ್ಲಿ ಕಬ್ಬು, ತಂಬಾಕು, ಜೋಳದ ರೊಟ್ಟಿ. ಇಲ್ಲಿ ಮೆಣಸು, ಶುಂಠಿ, ಉಪ್ಪುನೀರು. ಆದರೆ ಈ ನೇಯದ ಬಟ್ಟೆಯ ಜಾಡು ಹಿಡಿದು ಹೋದರೆ ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ!

ಮೊದಲು ಸ್ವಲ್ಪ ಹಳೆಯ ಕತೆ.

ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟುವ ಹತ್ತಿಗೆ ಬರ ಬಂತು. ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಎಂಬ ಕಾಗದದ ಕಂಪನಿ ಮರದ ತಿರುಳಿನಿಂದ ಹತ್ತಿಯಂಥದೇ ಒಂದು ಮೆತ್ತೆ ಮಾಡಿ ಸೆಲ್ಯುಕಾಟನ್ ಅಂತ ಹೆಸರಿಟ್ಟು ಆಸ್ಪತ್ರೆಗಳಿಗೆ ಕೊಟ್ಟಿತು. ಯುದ್ಧದ ಆಸ್ಪತ್ರೆಗಳಲ್ಲಿದ್ದ ನರ್ಸುಗಳು ಅದನ್ನು ತಮ್ಮ ಮುಟ್ಟಿನ ದಿನಗಳಿಗೂ ಬಳಸಿಕೊಂಡರು. ಯುದ್ಧ ಮುಗಿದು ಮಾಲು ಉಳಿದಾಗ ಕಂಪನಿಗೆ ಹೊಳೆದದ್ದು ಇದೇ ವ್ಯಾಪಾರ. ೧೯೨೦ರಲ್ಲಿ ಕೋಟೆಕ್ಸ್ ಅಂಗಡಿಗೆ ಬಂತು. ಒಳಗೆ ಮರದ ತಿರುಳು, ಹೊರಗೆ ತೆಳು ಜಾಳಿಗೆಯ ಗಾಜ್ ಬಟ್ಟೆ. ಮುಂದೆ ಆ ಗಾಜಿನ ಜಾಗಕ್ಕೆ ಬಂದದ್ದೇ ನೇಯದ ಬಟ್ಟೆ.

ಅದನ್ನು ಮಾಡುವ ಬಗೆ ನಮ್ಮ ಶ್ಯಾವಿಗೆ ಒತ್ತಿದ ಹಾಗೆಯೇ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ, ಸಾವಿರಾರು ಸಣ್ಣ ತೂತುಗಳ ಬಿಲ್ಲೆಯ ಮೂಲಕ ಒತ್ತುತ್ತಾರೆ. ಕೆಳಗಿಳಿಯುವ ಎಳೆಗಳನ್ನು ಗಾಳಿ ಎಳೆದು ತೆಳ್ಳಗೆ ಮಾಡಿ, ಓಡುವ ಪಟ್ಟಿಯ ಮೇಲೆ ಅಡ್ಡಾದಿಡ್ಡಿ ಹರಡುತ್ತದೆ. ಆಮೇಲೆ ಬಿಸಿ ಉರುಳೆಗಳ ನಡುವೆ ಹಾಯಿಸಿದರೆ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸುಗೆ ಬೀಳುತ್ತದೆ. ಇದು ಸ್ಪನ್‌ಬಾಂಡ್. ಮಗ್ಗವಿಲ್ಲ, ಲಾಳಿಯಿಲ್ಲ, ನೇಕಾರನೂ ಇಲ್ಲ.

ಇದರ ತಮ್ಮ ಮೆಲ್ಟ್‌ಬ್ಲೋನ್. ಅದರ ಹುಟ್ಟು ವಿಚಿತ್ರ. ಅಣುಬಾಂಬು ಪರೀಕ್ಷೆಗಳ ಕಾಲದಲ್ಲಿ ಮೇಲಿನ ವಾತಾವರಣದಲ್ಲಿ ತೇಲುವ ವಿಕಿರಣದ ಕಣಗಳನ್ನು ಹಿಡಿಯಲು ಅತಿ ಸಣ್ಣ ಎಳೆಯ ಜರಡಿ ಬೇಕಿತ್ತು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ವಾನ್ ವೆಂಟೆ ಎಂಬುವರು ೧೯೫೦ರ ದಶಕದಲ್ಲಿ ಕರಗಿದ ಪ್ಲಾಸ್ಟಿಕ್ಕಿಗೆ ಬಿಸಿಗಾಳಿ ರಭಸವಾಗಿ ಊದಿ ಅಂಥ ಎಳೆ ತೆಗೆದರು. ಅದಕ್ಕೆ ವಿದ್ಯುತ್ತಿನ ಆವೇಶ ತುಂಬಿದರೆ ಧೂಳನ್ನೂ ರೋಗಾಣುವನ್ನೂ ಸೆಳೆದು ಹಿಡಿದುಕೊಳ್ಳುತ್ತದೆ. ಎನ್-೯೫ ಮಾಸ್ಕಿನ ಗುಟ್ಟು ಇದೇ. ಎರಡು ಸ್ಪನ್‌ಬಾಂಡ್ ಪದರಗಳ ನಡುವೆ ಮೆಲ್ಟ್‌ಬ್ಲೋನ್ ಇಟ್ಟರೆ ಆಸ್ಪತ್ರೆಯ ಗೌನಿಗೂ ಆಯಿತು.

ಗೌನಿಗೆ ಪ್ಲಾಸ್ಟಿಕ್ ಯಾಕೆ, ಹತ್ತಿಗೇನು ಧಾಡಿ ಅಂತ ನೀವು ಕೇಳಬಹುದು. ಒಣಗಿದ ಹತ್ತಿ ಪರವಾಗಿಲ್ಲ. ಒದ್ದೆಯಾದ ಹತ್ತಿ ರೋಗಾಣುಗಳಿಗೆ ಸೇತುವೆ. ೧೯೫೨ರಲ್ಲಿಯೇ ವಿಲಿಯಂ ಬೆಕ್ ಎಂಬ ಅಮೆರಿಕದ ಸರ್ಜನ್ ತಮ್ಮ ಸಂಗಡಿಗರೊಂದಿಗೆ ಇದನ್ನು ತೋರಿಸಿಕೊಟ್ಟು, ಒದ್ದೆ ಗೌನಿನ ಮೇಲೆ ವೈದ್ಯರು ಇಟ್ಟ ನಂಬಿಕೆ ಸುಳ್ಳು ನಂಬಿಕೆ ಅಂದಿದ್ದರು. ಪಾಲಿಪ್ರೊಪಿಲೀನಿಗೆ ನೀರು ಅಂದರೆ ಆಗದು, ಹಾಗಾಗಿ ರಕ್ತ ಒಳಗಿಳಿಯುವುದಿಲ್ಲ. ತಮಾಷೆ ನೋಡಿ, ಪ್ಯಾಡಿನ ಮೇಲ್ಪದರಕ್ಕೂ ಅದೇ ಪ್ಲಾಸ್ಟಿಕ್ಕು. ಅಲ್ಲಿ ಮಾತ್ರ ಸೋಪಿನಂಥ ಒಂದು ಲೇಪ ಕೊಟ್ಟು ನೀರು ಸುಮ್ಮನೆ ಕೆಳಗೆ ಹಾಯುವಂತೆ ಮಾಡುತ್ತಾರೆ. ಒಂದೇ ವಸ್ತು, ಒಂದು ಕಡೆ ತಡೆಯುತ್ತದೆ, ಇನ್ನೊಂದು ಕಡೆ ದಾಟಿಸುತ್ತದೆ.

ಹಾಗೆ ದಾಟಿದ್ದನ್ನು ಹಿಡಿದಿಡುವುದು ಕೆಳಗಿನ ತಿರುಳು ಮತ್ತು ಸಕ್ಕರೆಯಂಥ ಹರಳು. ಈ ಹರಳಿನ ಮೂಲ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯ. ಪಿಷ್ಟದಿಂದ ನೀರು ಹೀರುವ ವಸ್ತು ಮಾಡಲು ಹೊರಟವರು ಅವರು. ಎಪ್ಪತ್ತರ ದಶಕದ ಕೊನೆಗೆ ಜಪಾನಿನವರು ಈ ಬಗೆಯ ಹರಳನ್ನು ಪ್ಯಾಡಿಗೆ ಹಾಕಿದರು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪಿನಂಶ ಇರುವ ಮೂತ್ರ, ರಕ್ತಕ್ಕೆ ಅಷ್ಟು ಆಗುವುದಿಲ್ಲ. ಆದರೂ ಹಳೆಯ ದಪ್ಪ ಪ್ಯಾಡು ಬೆರಳಿನಷ್ಟು ತೆಳ್ಳಗಾಗಲು ಇದೇ ಕಾರಣ.

ಈಗ ನಮ್ಮ ಕಡೆ ಬರೋಣ.

ಕೇಂದ್ರ ಸರ್ಕಾರ ಕುಟುಂಬ ಯೋಜನೆಗಾಗಿ ಹಿಂದೂಸ್ತಾನ್ ಲೇಟೆಕ್ಸ್ ಕಂಪನಿಯನ್ನು ೧೯೬೬ರಲ್ಲಿ ಕಟ್ಟಿತು. ಜಪಾನಿನ ಒಕಾಮೊಟೊ ಕಂಪನಿಯ ತಾಂತ್ರಿಕ ನೆರವಿನಿಂದ ೧೯೬೯ರಲ್ಲಿ ತಿರುವನಂತಪುರದ ಪೇರೂರ್ಕಡದಲ್ಲಿ ನಿರೋಧ್ ತಯಾರಿಕೆ ಶುರುವಾಯಿತು. ರಬ್ಬರ್ ಬೆಳೆಯುವ ನಾಡು, ಹಾಗಾಗಿ ಅಲ್ಲಿ. ೧೯೮೫ರಲ್ಲಿ ಇನ್ನೂ ಎರಡು ಕಾರ್ಖಾನೆ ಬಂದವು. ಒಂದು ತಿರುವನಂತಪುರದಲ್ಲೇ, ಇನ್ನೊಂದು ನಮ್ಮ ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ! ಸಂಕೇಶ್ವರದಿಂದ ನಿಪ್ಪಾಣಿ ಕಡೆ ಹೋಗುವ ಹೆದ್ದಾರಿಯ ಊರು. ಅದು ಏನು ಮಾಡುವ ಕಾರ್ಖಾನೆ ಅಂತ ಊರ ಹುಡುಗಿಯರು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ೨೦೦೯ರಲ್ಲಿ ಕಂಪನಿ ಹೆಚ್ಎಲ್ಎಲ್ ಲೈಫ್‌ಕೇರ್ ಅಂತ ಹೆಸರು ಬದಲಿಸಿಕೊಂಡಿತು. ಮಾತ್ರೆಗಳ ಜೊತೆಗೆ ಸ್ಯಾನಿಟರಿ ನ್ಯಾಪ್ಕಿನ್ನೂ ಕಣಗಲಾದಲ್ಲಿ ತಯಾರಾಗತೊಡಗಿತು.

ಆ ಹೊತ್ತಿಗೆ ಸರ್ಕಾರಕ್ಕೂ ಬುದ್ಧಿ ಬಂದಿತ್ತು. ೨೦೧೧ರಲ್ಲಿ ಆಶಾ ಕಾರ್ಯಕರ್ತೆಯರ ಕೈಯಿಂದ ಹಳ್ಳಿಯ ಹುಡುಗಿಯರಿಗೆ ಆರು ರೂಪಾಯಿಗೆ ಆರು ಪ್ಯಾಡು ಕೊಡುವ ಯೋಜನೆ ಬಂತು, ಫ್ರೀಡೇಸ್ ಅಂತ ಹೆಸರು. ಕರ್ನಾಟಕದಲ್ಲಿ ಶುಚಿ ಯೋಜನೆಯಡಿ ಶಾಲೆಗಳಲ್ಲಿ ಉಚಿತವಾಗಿ ಹಂಚಿದರು. ಕೇರಳದಲ್ಲಿ ೨೦೧೭ರಲ್ಲಿ ಷೀ ಪ್ಯಾಡ್ ಬಂತು. ಪ್ಯಾಡಿನ ಮೇಲಿನ ಶೇಕಡಾ ೧೨ ಜಿಎಸ್‌ಟಿ ೨೦೧೮ರ ಜುಲೈನಲ್ಲಿ ರದ್ದಾಯಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೨೪ ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ೬೪ ಮಂದಿ ಪ್ಯಾಡು ಬಳಸುತ್ತಿದ್ದರು, ೫೦ ಮಂದಿ ಬಟ್ಟೆಯನ್ನೂ ಬಳಸುತ್ತಿದ್ದರು. ಹಳೇ ಸೀರೆ ಹರಿದು, ಒಗೆದು, ಬಿಸಿಲು ಕಾಣದ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಒಣಗಿಸಿದ ನಮ್ಮ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ. ಶಾಲೆಗೆ ಹೋಗುವ ಹುಡುಗಿಗೆ ತಿಂಗಳಲ್ಲಿ ನಾಲ್ಕು ದಿನ ಉಳಿಸಿಕೊಟ್ಟ ವಸ್ತುವನ್ನು ಹಳಿಯುವುದು ಸುಲಭವಲ್ಲ.

ತಿರುವನಂತಪುರದಲ್ಲಿ ಇನ್ನೊಂದು ಸಂಸ್ಥೆಯಿದೆ, ಶ್ರೀಚಿತ್ರಾ ತಿರುನಾಳ್. ರಾಜಮನೆತನ ಕೊಟ್ಟ ಪೂಜಪ್ಪುರದ ಸಾಟೆಲ್ಮಂಡ್ ಅರಮನೆಯಲ್ಲಿ ಅದರ ವೈದ್ಯಕೀಯ ಉಪಕರಣಗಳ ವಿಭಾಗ. ಡಾ. ಎಂ. ಎಸ್. ವಲಿಯತ್ತಾನ್ ನೇತೃತ್ವದಲ್ಲಿ ಅವರು ಮಾಡಿದ ಹೃದಯದ ಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಅಳವಡಿಸಿದರು. ಆ ಕವಾಟವನ್ನು ಹೃದಯಕ್ಕೆ ಹೊಲಿಯಲು ಸುತ್ತ ಪಾಲಿಯೆಸ್ಟರ್ ಬಟ್ಟೆಯ ಬಳೆ ಇರುತ್ತದೆ. ಅಲ್ಲಿಯದೇ ತಂತ್ರಜ್ಞಾನದಿಂದ, ಐಎಎಸ್ ಬಿಟ್ಟು ಬಂದ ಸಿ. ಬಾಲಗೋಪಾಲ್ ರಕ್ತದ ಚೀಲದ ಕಾರ್ಖಾನೆ ಕಟ್ಟಿದರು. ವಿದೇಶಿ ಮಾಲು ದುಬಾರಿ ಅಂತ ಗೊಣಗುತ್ತ ಕೂರದೆ ಇಲ್ಲೇ ಮಾಡಿ ತೋರಿಸಿದವರು ಇವರು.

೨೦೨೦ರಲ್ಲಿ ಈ ಅಭ್ಯಾಸ ಕೆಲಸಕ್ಕೆ ಬಂತು. ಕೋವಿಡ್ ಬಂದಾಗ ಮೈ ಮುಚ್ಚುವ ಪಿಪಿಇ ಉಡುಪು ನಮ್ಮ ದೇಶದಲ್ಲಿ ತಯಾರಾಗುತ್ತಿರಲಿಲ್ಲ ಅಂದರೂ ನಡೆಯುತ್ತದೆ. ಗಾರ್ಮೆಂಟ್ ಕಾರ್ಖಾನೆಗಳು ಅಂಗಿ ಹೊಲಿಯುವುದನ್ನು ನಿಲ್ಲಿಸಿ ಇದಕ್ಕೆ ಕೈಹಾಕಿದವು. ಕೃತಕ ರಕ್ತ ಸುರಿದು ಬಟ್ಟೆಯನ್ನು ಪರೀಕ್ಷಿಸುವ ಕೆಲಸ ಕೊಯಮತ್ತೂರಿನ ಸಿಟ್ರಾ ಸಂಸ್ಥೆಗೆ ಬಂತು. ಏಪ್ರಿಲ್ ಕೊನೆಗೆ ದೇಶದ ಉಡುಪಿನಲ್ಲಿ ಹೆಚ್ಚುಕಮ್ಮಿ ಅರ್ಧ ಬೆಂಗಳೂರಿನಿಂದಲೇ ಬರುತ್ತಿತ್ತು ಅಂತ ಕೇಂದ್ರ ಸರ್ಕಾರವೇ ಹೇಳಿತು. ನಮ್ಮ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ ಹೆಣ್ಣುಮಕ್ಕಳ ಹೆಸರು ಯಾವ ಸನ್ಮಾನದ ಪಟ್ಟಿಯಲ್ಲೂ ಕಾಣಲಿಲ್ಲ, ಇರಲಿ. ಶ್ರೀಚಿತ್ರಾದವರು ಅದೇ ಹೀರುವ ವಸ್ತುವಿನ ಬಗೆಯಲ್ಲಿ ಅಕ್ರಿಲೋಸಾರ್ಬ್ ಅಂತ ಮಾಡಿದರು. ರೋಗಿಯ ಶ್ವಾಸದ ದ್ರವವನ್ನು ಹೀರಿ, ಗಟ್ಟಿ ಮಾಡಿ, ಜೊತೆಗೇ ರೋಗಾಣು ಕೊಲ್ಲುತ್ತದೆ.

ಇಷ್ಟೆಲ್ಲ ಒಳ್ಳೆಯದು. ಆದರೆ ಬಳಸಿ ಬಿಟ್ಟ ಮೇಲೆ?

ನಮ್ಮತ್ತೆ ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಮೊದಲ ಕೆಲವು ತಿಂಗಳು ಹಳೇ ಪಂಚೆ, ಸೀರೆ ತುಂಡುಗಳಲ್ಲೇ ನಡೆಸಿದೆವು. ಮಳೆಗಾಲದ ಮಟ್ಟಾಂಚೇರಿಯಲ್ಲಿ ಬಟ್ಟೆ ಒಣಗುವುದೆಂದರೆ ನಿಮಗೆ ಗೊತ್ತಿಲ್ಲ. "ನನ್ನ ಅರಬಿ ಒಗದೂ ಒಗದೂ ನಿನ್ನ ಕೈ ಸವದ್ವು ನೋಡವ್ವಾ" ಅಂತ ಅವರೇ ಅಳುತ್ತಿದ್ದರು. ಡಯಪರ್ ಬಂದ ಮೇಲೆ ಅವರ ಬೆನ್ನಿನ ಹುಣ್ಣು ಮಾಯಿತು, ಮನೆಯ ವಾಸನೆ ಹೋಯಿತು, ಬಂದವರ ಎದುರು ಅವರಿಗೆ ನಾಚಿಕೆಯಾಗುವುದೂ ತಪ್ಪಿತು. ದಿನಕ್ಕೆ ಮೂರು-ನಾಲ್ಕರಂತೆ ಲೆಕ್ಕ ಹಾಕಿ. ಮೂರು ಸಾವಿರ ದಾಟುತ್ತದೆ. ಒಬ್ಬ ಮುದುಕಿಯದು ಇಷ್ಟು.

ಅದನ್ನು ಎಲ್ಲಿ ಹಾಕುವುದು? ನಮ್ಮದು ಎರಡಾಳು ಅಗಲದ ಓಣಿ. ಹಿತ್ತಲಿಲ್ಲ. ಒಂದಡಿ ಅಗೆದರೆ ನೀರು, ಹುಣ್ಣಿಮೆ ಅಮಾವಾಸ್ಯೆಯ ಭರತಕ್ಕೆ ಚರಂಡಿಯ ನೀರು ಹೊಸ್ತಿಲಿಗೆ. ಹೂಳುವ ಹಾಗಿಲ್ಲ. ಸುಟ್ಟರೆ ಹೊಗೆ ಪಕ್ಕದ ಮನೆಯ ಕಿಟಕಿಗೆ. ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಿದ್ದ ಹೆಣ್ಣುಮಗಳು ಚೀಲ ಮುಟ್ಟಿ ನೋಡಿ "ಇದು ಬೇಡ ಚೇಚಿ" ಅನ್ನುತ್ತಿದ್ದಳು. ಅವಳದೇನು ತಪ್ಪು? ಬರಿಗೈಯಲ್ಲಿ ವಿಂಗಡಿಸಬೇಕಾದವಳು ಅವಳೇ. ಮೇಲ್ಪದರ ಪ್ಲಾಸ್ಟಿಕ್, ನಡುವೆ ಮರದ ತಿರುಳು ಮತ್ತು ಹರಳು, ಕೆಳಗೆ ಮತ್ತೆ ಪ್ಲಾಸ್ಟಿಕ್ ಹಾಳೆ. ಗೊಬ್ಬರಕ್ಕೂ ಬಾರದು, ಗುಜರಿಗೂ ಬಾರದು.

ಊರಿನ ಇಂಥ ಕಸವೆಲ್ಲ ಹೋಗಿ ಬೀಳುತ್ತಿದ್ದದ್ದು ಬ್ರಹ್ಮಪುರಂನಲ್ಲಿ. ೨೦೨೩ರ ಮಾರ್ಚ್ ೨ರಂದು ಆ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದು ಹನ್ನೆರಡು ದಿನದ ತನಕ ಕೊಚ್ಚಿ ಹೊಗೆಯಲ್ಲಿ ಕೆಮ್ಮಿತು. ಹಸಿರು ನ್ಯಾಯಮಂಡಳಿ ನಗರಪಾಲಿಕೆಗೆ ನೂರು ಕೋಟಿ ರೂಪಾಯಿ ದಂಡ ಹಾಕಿತು. ನಾವು ಒಳ್ಳೆಯವರಂತೆ ಕಟ್ಟಿ ಕೊಟ್ಟ ಚೀಲಗಳೇ ಹೊಗೆಯಾಗಿ ಮನೆಗೆ ವಾಪಸ್ಸು ಬಂದ ಹಾಗಾಯಿತು.

ನಮಗೆ ಹತ್ತಿರದ ಕುಂಬಳಂಗಿಯವರು ಅದಕ್ಕೂ ಒಂದು ವರ್ಷ ಮೊದಲೇ ಬೇರೆ ದಾರಿ ಹಿಡಿದಿದ್ದರು. ೨೦೨೨ರ ಜನವರಿ ೧೩ರಂದು ಕುಂಬಳಂಗಿಯನ್ನು ದೇಶದ ಮೊದಲ ಸ್ಯಾನಿಟರಿ ನ್ಯಾಪ್ಕಿನ್ ಮುಕ್ತ ಪಂಚಾಯತಿ ಎಂದು ರಾಜ್ಯಪಾಲರು ಘೋಷಿಸಿದರು. ಹೆಂಗಸರಿಗೆ ಮುಟ್ಟಿನ ಕಪ್ಪು ಹಂಚಿ, ಬಳಸುವುದನ್ನು ಹೇಳಿಕೊಟ್ಟರು. ಯೋಜನೆಯ ಹೆಸರು ತಿಂಗಳ್, ಅಂದರೆ ಚಂದ್ರ. ನಮ್ಮ ತಿಂಗಳೇ! ಕಪ್ಪು ಕೊಟ್ಟದ್ದು ಯಾರು ಗೊತ್ತೇ? ಅದೇ ಹೆಚ್ಎಲ್ಎಲ್. ಒಂದು ಕೈಯಲ್ಲಿ ಪ್ಯಾಡು ಮಾಡಿದ ಕಂಪನಿ ಇನ್ನೊಂದು ಕೈಯಲ್ಲಿ ಪ್ಯಾಡು ಬೇಡವಾಗಿಸುವ ಸಿಲಿಕೋನ್ ಕಪ್ಪು ಹಂಚಿತು. ಆಲಪ್ಪುಳ ಕಡೆಯ ಮುಹಮ್ಮದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ಬಟ್ಟೆಯ ಪ್ಯಾಡು ಮತ್ತು ಕಪ್ಪುಗಳನ್ನು ಹಂಚಿ ಇಂಥದೇ ಕೆಲಸ ಮಾಡಿತ್ತು. ಕರ್ನಾಟಕ ಸರ್ಕಾರವೂ ೨೦೨೩ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆಂದು ಕಪ್ಪು ಕೊಟ್ಟಿತು.

ಕುಂಬಳಂಗಿಯ ಕೆಲಸವನ್ನು ನಾನು ಮೆಚ್ಚುತ್ತೇನೆ. ಆದರೆ ಮುಕ್ತ ಅನ್ನುವ ಬೋರ್ಡು ಹಾಕಿದ ಮಾತ್ರಕ್ಕೆ ಎಲ್ಲ ಹೆಂಗಸರೂ ಒಂದೇ ದಿನ ಬದಲಾಗುವುದಿಲ್ಲ. ಕಪ್ಪು ಒಗ್ಗದವರು ಇರುತ್ತಾರೆ, ಅವರಿಗೆ ಪ್ಯಾಡು ತರುವುದು ನಾಚಿಕೆಯ ಕೆಲಸವಾಗಬಾರದು. ನಾಚಿಕೆ ಬಿಡಿಸಲಿಕ್ಕೆ ಅಲ್ಲವೇ ಪ್ಯಾಡು ಹಂಚಿದ್ದು? ಮತ್ತೆ, ಹಾಸಿಗೆ ಹಿಡಿದ ಮುದುಕರಿಗೆ ಕಪ್ಪಿಲ್ಲ. ಆಪರೇಷನ್ ಮಾಡುವ ಡಾಕ್ಟರಿಗೂ ಗೌನು ಬೇಕೇ ಬೇಕು. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಮಕ್ಕಳು ಕೊಲ್ಲಿ ದೇಶಗಳಲ್ಲಿ. ಡಯಪರಿನ ಗಿರಾಕಿ ಕಡಿಮೆಯಾಗುವ ಲಕ್ಷಣ ಕಾಣುವುದಿಲ್ಲ.

ಹಾಗಾಗಿ ಕಸದ ಕಡೆಯಿಂದಲೂ ಕೆಲಸ ನಡೆಯಬೇಕು. ೨೦೧೬ರ ಘನತ್ಯಾಜ್ಯ ನಿಯಮಗಳು ಪ್ಯಾಡು, ಡಯಪರ್ ಮಾಡುವವರು ಸುತ್ತಿ ಎಸೆಯಲು ಚೀಲವನ್ನೂ ಕೊಡಬೇಕು ಅಂದವು. ತಿರುವನಂತಪುರದ್ದೇ ಆದ ನಿಸ್ಟ್ ಸಂಶೋಧನಾಲಯ ಆಸ್ಪತ್ರೆಯ ಕಸವನ್ನು ಸುಡದೆಯೇ ಸೋಂಕು ಕಳೆಯುವ ಸೃಜನಂ ಎಂಬ ಯಂತ್ರ ಮಾಡಿದೆ. ೨೦೨೫ರ ಫೆಬ್ರುವರಿಯಲ್ಲಿ ದೆಹಲಿಯ ಏಮ್ಸ್‌ನಲ್ಲಿ ಅದನ್ನು ಇಟ್ಟರು. ದಿನಕ್ಕೆ ೪೦೦ ಕಿಲೋ ಅದರ ಶಕ್ತಿ. ಅದು ಆಸ್ಪತ್ರೆಗಾಯಿತು. ಮನೆಯ ಡಯಪರಿಗೆ ವಾರ್ಡಿಗೊಂದು ಅಂಥ ಏರ್ಪಾಡು ಆಗಬೇಕು, ಅದರ ಖರ್ಚಿನ ಪಾಲು ಮಾಡಿ ಮಾರುವವರಿಂದ ಬರಬೇಕು, ಬಂದು ಒಯ್ಯುವವಳ ಕೈಗೆ ಗ್ಲೌಸು, ಕಿಸೆಗೆ ಸರಿಯಾದ ಕೂಲಿ ಸಿಗಬೇಕು. ಬಟ್ಟೆ ಕಂಡುಹಿಡಿದ ಎಂಜಿನಿಯರುಗಳಿಗೆ ಇದು ಆಗದ ಕೆಲಸವಲ್ಲ, ಯಾರೂ ಅವರಿಗೆ ಗಟ್ಟಿಯಾಗಿ ಕೇಳಿಲ್ಲ, ಅಷ್ಟೇ.

ನಿಮ್ಮೂರಿನಲ್ಲಿ ಈ ಚೀಲಗಳನ್ನು ಯಾರು ಒಯ್ಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ? ಒಮ್ಮೆ ನಿಲ್ಲಿಸಿ ಅವರನ್ನೇ ಕೇಳಿ ನೋಡಿ.