ಮೊಳಕಾಲ್ಮೂರು: ಬಂಡೆ ಮೇಲಿನ ಹೆಸರು, ಸೀರೆಯಲ್ಲಿಲ್ಲದ ಹೆಸರು

ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ, ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಚಿತ್ರದುರ್ಗ ಜಿಲ್ಲೆಯ ಈ ಅಕ್ಕಪಕ್ಕದ ತಾಲ್ಲೂಕುಗಳ ಬಗ್ಗೆ ಬಹಳ ಜನಕ್ಕೆ ಗೊತ್ತಿರೋದು ಇಷ್ಟೇ. ಆದ್ರೆ ಇಲ್ಲಿಗೆ ಮೌರ್ಯರೂ ಬಂದಿದ್ರು!

ಮೊಳಕಾಲ್ಮೂರು ಆಂಧ್ರದ ಗಡಿಯಲ್ಲಿ, ಬಂಡೆಗುಡ್ಡಗಳ ನಡುವೆ ಇರುವ ಊರು. ಮಳೆ ಕಮ್ಮಿ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಹಚ್ಚಿದರು. ಸುವರ್ಣಗಿರಿಯಿಂದ 'ಇಸಿಲ'ದ ಮಹಾಮಾತ್ರರಿಗೆ ಬಂದ ಆದೇಶ ಅದು. ಇಸಿಲ ಅಂದ್ರೆ ಇದೇ ಜಾಗ ಅಂತಾರೆ ವಿದ್ವಾಂಸರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಅಶೋಕನಿಗಿಂತ ಹಳೆಯ ಕಲ್ಲಿನ ಕೊಡಲಿಗಳೂ ಸಿಕ್ಕವು.

ನನಗೆ ಇಷ್ಟವಾಗಿದ್ದು ಶಾಸನದ ಕೊನೆ. ಬರೆದವನು ಚಪಡ ಅಂತ ಅಲ್ಲಿ ಹೆಸರಿದೆ. ಇಡೀ ಶಾಸನ ಬ್ರಾಹ್ಮಿಯಲ್ಲಿ, 'ಲಿಪಿಕಾರ' ಅನ್ನೋ ಅರ್ಥದ ಪದ ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ! ತಾನು ಎರಡು ಲಿಪಿ ಬಲ್ಲವನು ಅಂತ ತೋರಿಸಿಕೊಂಡನೋ ಏನೋ..

ಈಗ ಸೀರೆಗೆ ಬರೋಣ. ಶೇಂಗಾ ಬೆಳೆಗೆ ಮಳೆ ಬೇಕು, ಮಗ್ಗಕ್ಕೆ ಬೇಡ. ಹೊಲ ಕೈಕೊಡುವ ಸೀಮೆಯಲ್ಲಿ ಕೈಕಸುಬಿಗೆ ಬೆಲೆ ಜಾಸ್ತಿ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದು ಕಾಯೋದು ಊರಿನ ಹೆಸರನ್ನು. ದಿನಗಟ್ಟಲೆ ಕೂತು ನೇಯ್ದವರ ಹೆಸರು ಸೀರೆ ಉಡುವವರಿಗೆ ಗೊತ್ತಾಗಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಅದೇ ಸೀಮೆಯಲ್ಲಿ ಕೆಲಸಗಾರನೊಬ್ಬ ತನ್ನ ಹೆಸರು ಬರೆದು ಹೋಗಿದ್ದಾನೆ. ಸೆರಗಿನ ಮೂಲೆಯಲ್ಲಿ ನೇಕಾರರ ಹೆಸರಿಗೆ ಒಂದಿಂಚು ಜಾಗ ಕೊಡೋಕಾಗಲ್ವಾ? ನೀವೇನಂತೀರಿ?