ಪದ ಮೊದಲು, ವಸ್ತು ನಂತರ: ತಳಿವಿಜ್ಞಾನ ಮತ್ತು ವಿಕಾಸವಾದದ ಕೆಲವು ಪರಿಭಾಷೆಗಳ ಚರಿತ್ರೆ

ವಿಜ್ಞಾನದ ಚರಿತ್ರೆಯನ್ನು ಶೋಧಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ತಳಿವಿಜ್ಞಾನದ ಮಟ್ಟಿಗೆ ಅದನ್ನು ಪದಗಳ ಚರಿತ್ರೆಯಾಗಿಯೂ ಬರೆಯಲು ಸಾಧ್ಯವಿದೆ. ‘ಜೀನ್’ ಎಂಬ ಪದ ಹುಟ್ಟಿದ್ದು 1909ರಲ್ಲಿ. ಆ ಪದ ಸೂಚಿಸುವ ವಸ್ತು ಡಿ.ಎನ್.ಎ. ಎಂಬುದಕ್ಕೆ ಪ್ರಬಲ ಪ್ರಯೋಗಾಧಾರ ದೊರೆತದ್ದು 1944ರಲ್ಲಿ, ಏವರಿ, ಮೆಕ್ಲಿಯಡ್ ಮತ್ತು ಮೆಕಾರ್ಟಿ ಅವರಿಂದ. ನಡುವಿನ 35 ವರ್ಷಗಳ ಕಾಲ ಒಂದು ಇಡೀ ಶಾಸ್ತ್ರ ತನ್ನ ಕೇಂದ್ರಪದದ ಭೌತಿಕ ಸ್ವರೂಪವನ್ನು ಅರಿಯದೆಯೇ ಬೆಳೆಯಿತು. ಇಂಥ ಶಾಸ್ತ್ರದಲ್ಲಿ ಪದಗಳ ಆಯ್ಕೆಗೆ ವಿಶೇಷ ಮಹತ್ತ್ವ ಬರುವುದು ಸಹಜ. ಆ ಪದಗಳು ಕನ್ನಡಕ್ಕೆ ಬಂದಾಗ ಏನನ್ನು ಉಳಿಸಿಕೊಂಡವು, ಏನನ್ನು ಕಳೆದುಕೊಂಡವು ಎಂಬುದೂ ವಿಚಾರಾರ್ಹ.

ಗ್ರೆಗೋರ್ ಮೆಂಡೆಲ್ ಬ್ರೂನ್ ಪಟ್ಟಣದ (ಇಂದಿನ ಜೆಕ್ ಗಣರಾಜ್ಯದ ಬ್ರನೋ) ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿಯ ಮೇಲೆ ಪ್ರಯೋಗ ನಡೆಸಿ, 1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಎರಡು ಸಭೆಗಳ ಮುಂದೆ ಫಲಿತಾಂಶಗಳನ್ನು ಓದಿದನು. ಪ್ರಬಂಧ 1866ರಲ್ಲಿ ಅಚ್ಚಾಯಿತು. ಅದರಲ್ಲಿ ‘ಜೀನ್’ ಇಲ್ಲ, ‘ಅನುವಂಶೀಯತೆಯ ನಿಯಮ’ವೆಂಬ ಘೋಷಣೆಯೂ ಇಲ್ಲ. ಅವನು ಬಹುತೇಕ ಬಳಸಿದ ಪದ ‘ಮೆರ್ಕ್‌ಮಾಲ್’, ಅಂದರೆ ಲಕ್ಷಣ. ಜೀವಕೋಶದೊಳಗಿನ ಕಾರಣವನ್ನು ಕುರಿತು ‘ಎಲೆಮೆಂಟ್’ ಎಂಬ ಮಾತು ಪ್ರಬಂಧದ ಕೊನೆಯ ಭಾಗದಲ್ಲಿ ಕೆಲವೇ ಕಡೆ ಬರುತ್ತದೆ. ದುಂಡು ಬೀಜದ ಗಿಡವನ್ನು ಸುಕ್ಕು ಬೀಜದ ಗಿಡದೊಡನೆ ಸಂಕರಗೊಳಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು; ಮುಂದಿನ ತಲೆಮಾರಿನ 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಮೊದಲ ತಲೆಮಾರಿನಲ್ಲಿ ತೋರದೆ ಹೋದ ಲಕ್ಷಣ ಎರಡನೆಯದರಲ್ಲಿ ಎಳ್ಳಷ್ಟೂ ಮಾರ್ಪಡದೆ ಮರಳಿತು. ಅದಕ್ಕೆ ಮೆಂಡೆಲ್ ‘ರೆಸೆಸಿವ್’ ಎಂದು ಹೆಸರಿಟ್ಟನು. ಸಂಕರದಲ್ಲಿ ಹಿಂದೆ ಸರಿದು ಸಂತತಿಯಲ್ಲಿ ಮತ್ತೆ ಕಾಣಿಸಿಕೊಳ್ಳುವುದರಿಂದಲೇ ಈ ಹೆಸರು ಎಂದು ಅವನೇ ವಿವರಿಸಿದ್ದಾನೆ.

ಕನ್ನಡದಲ್ಲಿ ಈ ಜೋಡಿಗೆ ‘ಪ್ರಬಲ’ ಮತ್ತು ‘ದುರ್ಬಲ’ ಎಂಬ ಪದಗಳು ಬಳಕೆಯಲ್ಲಿವೆ. ಹಿಂದೆ ಸರಿಯುವುದು ಬೇರೆ, ಬಲಹೀನವಾಗುವುದು ಬೇರೆ. ಸುಕ್ಕು ಬೀಜದ ಉದಾಹರಣೆಯನ್ನೇ ನೋಡಬಹುದು. ಪಿಷ್ಟಕ್ಕೆ ಕವಲು ಮೂಡಿಸುವ ಒಂದು ಕಿಣ್ವದ ಜೀನಿನೊಳಗೆ ಹೊರಗಿನ ಡಿ.ಎನ್.ಎ. ತುಣುಕೊಂದು ಸೇರಿ ಅದು ಕೆಲಸ ಮಾಡದಂತಾಗಿದೆ ಎಂಬುದು 1990ರಲ್ಲಿ ತಿಳಿಯಿತು. ಪಿಷ್ಟ ಕಡಿಮೆಯಾಗಿ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ನೀರನ್ನು ಸೆಳೆದುಕೊಳ್ಳುತ್ತದೆ. ಒಣಗುವಾಗ ಉಬ್ಬಿದ ಬೀಜ ಕುಗ್ಗಿ ಸುಕ್ಕುಗಟ್ಟುತ್ತದೆ. ಕೆಲಸ ಮಾಡುವ ಪ್ರತಿ ಒಂದೇ ಇದ್ದರೂ ಬೀಜ ದುಂಡಗಿರಲು ಸಾಕು, ಅಷ್ಟೆ. ಇಲ್ಲಿ ಎರಡು ಬಲಗಳ ಸೆಣಸಾಟವೇ ಇಲ್ಲ. ಸಿಹಿಯಾದುದರಿಂದ ತರಕಾರಿ ಬೆಳೆಗಾರರು ಮೆಚ್ಚಿದ್ದು ಈ ‘ದುರ್ಬಲ’ ಬಟಾಣಿಯನ್ನೇ ಎಂಬುದು ಸ್ವಾರಸ್ಯಕರ.

ಇದನ್ನು ಪಂಡಿತರ ಪದಜಗಳವೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಬಹುಕಾಲದಿಂದ ಬಂದಿದೆ. ಅಂಥ ದಂಪತಿಗಳ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಇಳಿದು ಬಂದಿರುವ ಸಂಭಾವ್ಯತೆ ಎಂಟರಲ್ಲೊಂದು. ಅತ್ತೆಯ ಅಥವಾ ಮಾವನ ಮಕ್ಕಳೊಡನೆ ಆದ ಮದುವೆಯಲ್ಲಿ ಹದಿನಾರರಲ್ಲೊಂದು. ತಂದೆತಾಯಿಗಳಿಬ್ಬರೂ ಪೂರ್ಣ ಆರೋಗ್ಯವಂತರಾಗಿದ್ದು, ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡಿ ರೋಗವಾಗುವುದು ಹೀಗೆ. ಈ ಸಂಗತಿಯನ್ನು ‘ದುರ್ಬಲ ಗುಣ’ವೆಂಬ ಮಾತಿನಲ್ಲಿ ಹೇಳಿದರೆ, ಕೇಳಿದವರು ಅದನ್ನು ಮನೆತನದ ದೌರ್ಬಲ್ಯವೆಂದೋ, ಬಹುಪಾಲು ತಾಯಿಯ ಕಡೆಯ ದೌರ್ಬಲ್ಯವೆಂದೋ ಗ್ರಹಿಸುವ ಅಪಾಯವಿದೆ. ‘ಸುಪ್ತ’ ಎಂಬ ಪದ ಮೆಂಡೆಲನ ಅರ್ಥಕ್ಕೆ ಹೆಚ್ಚು ಸಮೀಪದ್ದೆಂದು ಈ ಲೇಖಕನ ಅಭಿಪ್ರಾಯ.

1900ರಲ್ಲಿ ಮೆಂಡೆಲನ ಪ್ರಬಂಧ ಮತ್ತೆ ಬೆಳಕಿಗೆ ಬಂದ ಮೇಲೆ ಪದಸೃಷ್ಟಿಯ ಹೊಣೆ ಹೊತ್ತವನು ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್. 1902ರಲ್ಲಿ ‘ಹೋಮೋಜೈಗೋಟ್’, ‘ಹೆಟೆರೋಜೈಗೋಟ್’ ಪದಗಳನ್ನು ಬಳಕೆಗೆ ತಂದು, 1905ರ ಒಂದು ಪತ್ರದಲ್ಲಿ ಈ ಶಾಸ್ತ್ರಕ್ಕೆ ‘ಜೆನೆಟಿಕ್ಸ್’ ಎಂದು ನಾಮಕರಣ ಮಾಡಿದನು. ಶಾಸ್ತ್ರಕ್ಕೆ ಹೆಸರು ಬಂದಾಗ ‘ಜೀನ್’ ಇನ್ನೂ ಹುಟ್ಟಿರಲಿಲ್ಲ.

ಅದನ್ನು ಕೊಟ್ಟವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್ (1857–1927). ಔಷಧಾಲಯದ ಸಹಾಯಕನಾಗಿ ಬದುಕು ಆರಂಭಿಸಿದ ಈತನ ಪ್ರಯೋಗದ ವಸ್ತು ಹುರುಳಿಕಾಯಿಯ ಬೀಜ. ಹುರುಳಿಕಾಯಿ ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಸಸ್ಯ. ಆದ್ದರಿಂದ ಒಂದೇ ಬೀಜದಿಂದ ಇಳಿದ ಸಂತತಿಯನ್ನು ‘ಶುದ್ಧ ಸಾಲು’ ಎನ್ನಬಹುದು. 1903ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ 19 ಸಾಲುಗಳಿದ್ದವು. ಬೆರಕೆ ರಾಶಿಯಿಂದ ದಪ್ಪ ಬೀಜಗಳನ್ನು ಆರಿಸಿ ಬಿತ್ತಿದರೆ ಮುಂದಿನ ಬೆಳೆಯ ಸರಾಸರಿ ತೂಕ ಏರಿತು. ಆದರೆ ಒಂದೇ ಶುದ್ಧ ಸಾಲಿನೊಳಗೆ ದಪ್ಪ ಬೀಜ ಬಿತ್ತಿದರೂ ಸಣ್ಣ ಬೀಜ ಬಿತ್ತಿದರೂ ಸಂತತಿಯ ಸರಾಸರಿ ಒಂದೇ. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಲಿಯೂ ಇತ್ತು. ಅದು ಮಣ್ಣು, ನೀರು, ಕಾಯಿಯೊಳಗಿನ ಸ್ಥಾನ ಮುಂತಾದುವುಗಳ ಫಲ, ವಂಶಕ್ಕೆ ಇಳಿಯುವಂಥದಲ್ಲ.

ಒಂದೇ ಪದದಿಂದ ಈ ಎರಡನ್ನೂ ಹೇಳಲಾಗದೆಂದು ಕಂಡ ಯೋಹಾನ್ಸನ್ 1909ರ ತನ್ನ ಜರ್ಮನ್ ಗ್ರಂಥದಲ್ಲಿ ಕಾಣುವ ರೂಪಕ್ಕೆ ‘ಫೀನೋಟೈಪ್’, ಆಂತರಿಕ ರಚನೆಗೆ ‘ಜೀನೋಟೈಪ್’ ಎಂದು ಕರೆದನು. ಡಾರ್ವಿನ್ನನ 1868ರ ಪ್ಯಾಂಜೆನೆಸಿಸ್ ಊಹೆ, ಅದರಿಂದ ಡಿ ಫ್ರೀಸ್ 1889ರಲ್ಲಿ ಕಡೆದ ‘ಪ್ಯಾಂಜೀನ್’, ಈ ಪರಂಪರೆಯ ಕೊನೆಯ ತುಣುಕನ್ನಷ್ಟೇ ಉಳಿಸಿಕೊಂಡು ‘ಜೀನ್’ ಎಂದನು. ಯಾವ ಊಹೆಯ ಸೋಂಕೂ ಇಲ್ಲದ ಪದ ಎಂಬುದೇ ಅವನ ಸಮರ್ಥನೆಯಾಗಿತ್ತು.

ನಮ್ಮ ‘ತಳಿ’ ಪದ ಈ ಭೇದಕ್ಕೆ ದೂರದ್ದೇನಲ್ಲ. ರಾಗಿಯೂ ಸ್ವಪರಾಗಸ್ಪರ್ಶದ ಬೆಳೆ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದಾಗ, ಒಳ್ಳೆಯ ಹೊಲದ ದಪ್ಪ ತೆನೆಗೂ ಒಳ್ಳೆಯ ತಳಿಯ ದಪ್ಪ ತೆನೆಗೂ ಇರುವ ಅಂತರವೇ ಆಯ್ಕೆಯ ಮುಖ್ಯ ಸಮಸ್ಯೆಯಾಗಿದ್ದಿರಬೇಕು.

‘ಮ್ಯುಟೇಶನ್’ ಪದದ ಗತಿ ಬೇರೆಯೇ. ಡಿ ಫ್ರೀಸ್ ಈನೋತೆರಾ ಎಂಬ ಸಂಜೆಹೂವಿನ ಗಿಡದಲ್ಲಿ ಹಠಾತ್ ಬದಲಾವಣೆಗಳನ್ನು ಕಂಡು, ಒಂದೇ ನೆಗೆತದಲ್ಲಿ ಹೊಸ ಪ್ರಭೇದ ಹುಟ್ಟುತ್ತದೆಂದು 1901–03ರ ಗ್ರಂಥದಲ್ಲಿ ವಾದಿಸಿದನು. ಅವನು ಕಂಡವುಗಳಲ್ಲಿ ಹೆಚ್ಚಿನವು ವರ್ಣತಂತುಗಳ ಸಂಖ್ಯೆ ಅಥವಾ ಜೋಡಣೆಯ ವ್ಯತ್ಯಾಸಗಳೆಂದು ಮುಂದೆ ತಿಳಿಯಿತು. ಸಿದ್ಧಾಂತ ಬಿದ್ದಿತು, ಪದ ಉಳಿಯಿತು.

‘ಎವಲ್ಯೂಶನ್’ ಪದ ಡಾರ್ವಿನ್ನನ 1859ರ ಗ್ರಂಥದ ಮೊದಲ ಆವೃತ್ತಿಯಲ್ಲಿಲ್ಲ. ಅದರ ಕ್ರಿಯಾರೂಪ ಮಾತ್ರ ಗ್ರಂಥದ ಕಟ್ಟಕಡೆಯ ಪದವಾಗಿದೆ. ಕಾರಣವಿತ್ತು. ಲ್ಯಾಟಿನ್ ಮೂಲದಲ್ಲಿ ಅದು ಸುರುಳಿ ಬಿಚ್ಚುವುದು. ಭ್ರೂಣದಲ್ಲಿ ಮೊದಲೇ ಅಡಗಿದ್ದುದು ತೆರೆದುಕೊಳ್ಳುತ್ತದೆಂದು ನಂಬಿದ ಹದಿನೆಂಟನೆಯ ಶತಮಾನದವರ ಪದ. ಕನ್ನಡದ ‘ವಿಕಾಸ’ವೂ ಮೊಗ್ಗು ಅರಳುವುದೇ. ಡಾರ್ವಿನ್ ಬಹುಕಾಲ ದೂರವಿರಿಸಿದ ಅರ್ಥವೇ ನಮ್ಮ ಪದದಲ್ಲಿ ಮನೆಮಾಡಿಕೊಂಡಿದೆ. ‘ಆಯ್ಕೆ’ ಎಂದರೆ ಆರಿಸುವವನೊಬ್ಬನಿರಬೇಕಲ್ಲವೆ ಎಂಬ ತೊಡಕನ್ನು ವಾಲೇಸ್ 1866ರಲ್ಲಿಯೇ ಎತ್ತಿ, ಸ್ಪೆನ್ಸರನ ‘ಅರ್ಹತಮರ ಉಳಿವು’ ಎಂಬ ಮಾತನ್ನು ಸೂಚಿಸಿದನು. ಡಾರ್ವಿನ್ 1869ರ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡನು. ಕನ್ನಡದಲ್ಲಿ ಅದು ಹಲವೊಮ್ಮೆ ‘ಬಲಿಷ್ಠರ ಉಳಿವು’ ಆಗುತ್ತದೆ. ಸಂತತಿಯನ್ನು ಉಳಿಸಿಹೋಗುವ ಸಾಮರ್ಥ್ಯಕ್ಕೂ ತೋಳ್ಬಲಕ್ಕೂ ಅಂಥ ಸಂಬಂಧವೇನೂ ಇಲ್ಲ.

ಜೀನುಗಳು ವಾಸ್ತವವೋ ಕಲ್ಪನೆಯೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲವೆಂದು ಮಾರ್ಗನ್ 1934ರ ತನ್ನ ನೊಬೆಲ್ ಉಪನ್ಯಾಸದಲ್ಲಿ ಹೇಳಿದ್ದನು. 1953ರ ನಂತರ ಆ ಸಂದೇಹ ಉಳಿಯಲಿಲ್ಲ. ಆದರೆ ಪದದ ಗಡಿ ಮತ್ತೆ ಸಡಿಲವಾಗಿದೆ. ಒಂದೇ ಜೀನಿನಿಂದ ಹಲವು ಪ್ರೋಟೀನುಗಳು ಹುಟ್ಟಬಲ್ಲವು. ಪ್ರೋಟೀನನ್ನೇ ತಯಾರಿಸದೆ ಆರ್.ಎನ್.ಎ.ಯಲ್ಲಿಯೇ ಕೆಲಸ ಮುಗಿಸುವ ಜೀನುಗಳೂ ಇವೆ. ಕನ್ನಡದಲ್ಲಿ ‘ಗುಣಾಣು’ ಎಂದರೆ ಒಂದು ಗುಣಕ್ಕೆ ಒಂದು ಕಣ. ‘ವಂಶವಾಹಿ’ ಎಂದರೆ ಹೊತ್ತು ಸಾಗಿಸುವ ವಾಹಕ. ಎರಡರಲ್ಲಿಯೂ ಒಂದೊಂದು ಊಹೆ ಅಡಗಿದೆ. ಯೋಹಾನ್ಸನ್ ಬಯಸಿದಂತೆ ಊಹೆಯ ಹೊರೆಯಿಲ್ಲದೆ ಉಳಿದಿರುವುದು ಎರವಲು ಬಂದ ‘ಜೀನ್’ ಒಂದೇ.